ಅವರು ಎಕ್ಸ್‌ಪ್ಯಾಟ್, ನಾವು ಗುಳೆ?

1/9
📷 ಮುದ್ದೇಬಿಹಾಳ ಬಸ್ ಸ್ಟ್ಯಾಂಡ್, ರಾತ್ರಿ. ಗೋವಾ ಬಸ್ಸಿಗೆ ಕಾಯ್ತಿರೋ ಗಂಟುಮೂಟೆ.

ಪಿಯುಸಿ ಮೊದಲನೇ ದಿನ. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಹೆಸರು, ಊರು, ತಂದೆ ಏನು ಮಾಡ್ತಾರ ಅಂತ ಕೇಳ್ತಿದ್ರು. ಒಬ್ಬಳು "ಟೀಚರ್ ಅದಾರ್ರಿ" ಅಂದಳು. ಇನ್ನೊಬ್ಬ "ಒಕ್ಕಲುತನ ರೀ" ಅಂದ. ನನ್ನ ಪಾಳಿ ಬಂತು. "ಗೋವಾದಾಗ ಬಿಸಿನೆಸ್ ಐತ್ರಿ" ಅಂದೆ.

ಸುಳ್ಳು. ನಮ್ಮಪ್ಪ ವಾಸ್ಕೊದಾಗ ಗೌಂಡಿ. ಅವ್ವ ಅದೇ ಸೈಟಿನ್ಯಾಗ ಬುಟ್ಟಿ ಹೊರ್ತಾಳ. ನಾನು ಐದನೇತ್ತದಿಂದ ಊರಾಗ ಆಯಿ ಹತ್ರ ಬೆಳೆದವಳು.

ಆ ಸುಳ್ಳಿಗೆ ಈಗ ಮೂರು ವರ್ಷ. ಇವತ್ತ ಯಾಕ ನೆನಪಾಯ್ತು ಅಂದ್ರ, ಹೋದ ವಾರ ನಮ್ಮ ಕ್ಲಾಸ್ ಗ್ರೂಪಿನ್ಯಾಗ ಯಾರೋ ಒಂದು ರೀಲ್ ಹಾಕಿದ್ರು. ಅಮೆರಿಕದ ಹುಡುಗಿ, ಪೋರ್ಚುಗಲ್‌ನ ಲಿಸ್ಬನ್‌ನಾಗ ಇರ್ತಾಳ. ಬೆಳಿಗ್ಗೆ ಎದ್ದು ಬೇಕರಿಗೆ ಹೋಗೋದು, ಹಳದಿ ಟ್ರಾಮ್ ಹತ್ತೋದು, ಬಾಲ್ಕನಿಯೊಳಗ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡೋದು. ಮ್ಯಾಲ "ಎಕ್ಸ್‌ಪ್ಯಾಟ್ ಲೈಫ್" ಅಂತ ಬರೆದಿತ್ತು. ಗ್ರೂಪಿನ್ಯಾಗ ಹಾರ್ಟ್ ಮ್ಯಾಲ ಹಾರ್ಟ್. "ಲೈಫ್ ಅಂದ್ರ ಇದು ನೋಡ್ರಲೇ" ಅಂತ ಒಬ್ಬ. ನಾನೂ ಒಂದು ಹಾರ್ಟ್ ಒತ್ತಿದೆ.

ಅದೇ ಸಂಜಿಗೆ ಅಪ್ಪ ವಿಡಿಯೊ ಕಾಲ್ ಮಾಡಿದ. ಹಿಂದೆ ದೂರದಾಗ ಸಮುದ್ರ, ಕೈಗೆ ಒಣಗಿದ ಸಿಮೆಂಟ್. "ಏನ್ ಮಾಡಾಕತ್ತೀಯವ್ವಾ? ಉಂಡೀ?" ಅಂದ.

ಅವಳೂ ಊರು ಬಿಟ್ಟು ದೂರ ಹೋಗಿ ಬದುಕ್ತಿರೋಳು. ಅಪ್ಪನೂ ಊರು ಬಿಟ್ಟು ದೂರ ಹೋಗಿ ಬದುಕ್ತಿರೋನು. ಅವಳ ದಿನಚರಿಗೆ ಹಾರ್ಟ್ ಒತ್ತತೀನಿ, ಅಪ್ಪನದನ್ನ ಮುಚ್ಚಿಡ್ತೀನಿ. ಯಾಕ?

ಈ ಒಂಬತ್ತು ಪೋಸ್ಟು ಆ ಪ್ರಶ್ನೆ ಬಗ್ಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಪೂರ್ತಿ ಓದ್ರಿ. ನಿಮ್ಮ ಮನಿಯಾಗೂ ಒಬ್ಬರು "ಔಟ್ ಆಫ್ ಸ್ಟೇಷನ್" ಇರ್ತಾರ ಅಂತ ನನಗ ಗೊತ್ತು. 👇

2/9
📷 ನನ್ನ ಫೋನು. ಸ್ಕ್ರೀನ್ ಮೂಲ್ಯಾಗ ಒಡೆದದ್ದು ಕ್ಷಮಿಸಿಬಿಡ್ರಿ.

ಮೊದಲು ಆ ಅಮೆರಿಕದ ಹುಡುಗಿಗೆ ನ್ಯಾಯ ಕೊಡೋಣ. ಆಕೀನ್ನ ಬೈಯಾಕ ನಾ ಇದನ್ನ ಬರೀತಿಲ್ಲ. ಆ ರೀಲ್ ನೋಡಿದ ಮ್ಯಾಲ ಅಂಥವೇ ಹತ್ತಾರು ಪೇಜ್ ಕುಂತು ನೋಡಿದೆ. ಅವರ ಬದುಕೂ ಬರೀ ಬೇಕರಿ, ಟ್ರಾಮ್ ಅಲ್ಲ.

ಅಮೆರಿಕದ ಪಾಸ್‌ಪೋರ್ಟ್ ಇದ್ದವರು ವೀಸಾ ಇಲ್ಲದೆ ಯುರೋಪಿನ ಶೆಂಗೆನ್ ದೇಶಗಳಿಗೆ ಹೋಗಬಹುದು, ಆದರೆ ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಅದಕ್ಕಿಂತ ಹೆಚ್ಚು ಇರಬೇಕಂದ್ರೆ ವೀಸಾ ಬೇಕು. ಪೋರ್ಚುಗಲ್ 2022ರ ಅಕ್ಟೋಬರ್‌ನಲ್ಲಿ, ಬೇರೆ ದೇಶದ ಕಂಪನಿಗೆ ಕುಂತಲ್ಲಿಂದ ಕೆಲಸ ಮಾಡೋರಿಗೆ ಅಂತಲೇ ಒಂದು ವೀಸಾ ಶುರು ಮಾಡಿತು. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. ಆಮೇಲೆ 9 ಅಂಕಿಯ ಒಂದು ಟ್ಯಾಕ್ಸ್ ನಂಬರ್ ತಗೋಬೇಕು. ಅದಿಲ್ಲ ಅಂದ್ರೆ ಮನೆ ಬಾಡಿಗೆ ಕರಾರಿಗೂ ತೊಂದರೆ, ಬ್ಯಾಂಕ್ ಖಾತೆಗೂ ತೊಂದರೆ.

ಇನ್ನೊಂದು ಸುದ್ದಿ ಕೇಳಿ ನನಗ ಆಶ್ಚರ್ಯ ಆಯ್ತು. ಅಮೆರಿಕದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಒಂದು ಮಿತಿಗಿಂತ ಹೆಚ್ಚು ದುಡಿದರೆ ಪ್ರತಿ ವರ್ಷ ತಮ್ಮ ದೇಶಕ್ಕೆ ಟ್ಯಾಕ್ಸ್ ರಿಟರ್ನ್ ಹಾಕಲೇಬೇಕು. 2010ರಲ್ಲಿ ಬಂದ ಒಂದು ಕಾನೂನಿನಿಂದ ಬೇರೆ ದೇಶದ ಬ್ಯಾಂಕುಗಳು ಅಮೆರಿಕನ್ನರ ಖಾತೆ ವಿವರ ಅಮೆರಿಕಕ್ಕೆ ಕಳಿಸಬೇಕಾಗಿ ಬಂತು. ಈ ರಗಳೆ ಯಾಕ ಅಂತ ಯುರೋಪಿನ ಕೆಲವು ಬ್ಯಾಂಕುಗಳು ಅಮೆರಿಕದವರಿಗೆ ಖಾತೆ ತೆರೆಯೋಕೇ ಹಿಂದೇಟು ಹಾಕ್ತಾವ.

ಭಾಷೆ ಬರೋದಿಲ್ಲ. ಹಬ್ಬಕ್ಕ ಮನಿಯವರು ಇರೋದಿಲ್ಲ. ಊರಿಂದ ಬರುವಾಗ ಬ್ಯಾಗಿನಾಗ ಪೀನಟ್ ಬಟರ್ ಡಬ್ಬಿ ತುಂಬ್ಕೊಂಡು ಬರ್ತಾರ, ಅಲ್ಲಿ ಅವರ ರುಚಿದು ಸಿಗೋದಿಲ್ಲ ಅಂತ.

ಪೀನಟ್ ಬಟರ್ ಅಂದ್ರ ಏನು? ಶೇಂಗಾ. ಅಲ್ಲಿಗೆ ನನಗ ನಗು ಬಂತು. 👇

3/9
📷 ಆಯಿ ಕಟ್ಟಿದ ಗಂಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಹಳೆ ಟವೆಲ್ಲು.

ಪ್ರತಿ ಸಲ ಅಪ್ಪ-ಅವ್ವ ಊರಿಗೆ ಬಂದು ವಾಪಸ್ ಹೊಂಟಾಗ ಆಯಿ ಎರಡು ದಿನ ಮುಂಚೆ ಒಲಿ ಮುಂದ ಕೂಡ್ತಾಳ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಶೇಂಗಾ ಹಿಂಡಿ ತಿಂಗಳು ಬರ್ತೈತಿ. ಜೋಳದ ಹಿಟ್ಟು ಬ್ಯಾರೆ ಚೀಲದಾಗ. ಗೋವಾದ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಅಪ್ಪನಿಗೆ ಈಗ ಸೇರ್ತಾವ. "ಆದ್ರ ರೊಟ್ಟಿ ತಿಂದಂಗ ಆಗೂದಿಲ್ಲ" ಅಂತಾನ. ಲಿಸ್ಬನ್‌ನ ಪೀನಟ್ ಬಟರ್ ಡಬ್ಬಿಗೂ ಈ ಹಿಂಡಿ ಡಬ್ಬಿಗೂ ನನಗಂತೂ ಫರಕ್ ಕಾಣೋದಿಲ್ಲ.

ಮನಿ ಬಾಡಿಗಿ ವಿಷಯ. ಅಪ್ಪ ಮೊದಲು ಸೈಟಿನ್ಯಾಗ ಪತ್ರಾಸ್ ಶೆಡ್ಡಿನೊಳಗ ಇದ್ದ. ಆಮೇಲೆ ರೂಮ್ ಹುಡುಕಿದ. ಒಬ್ಬ ಮಾಲಕ ರೂಮ್ ತೋರಿಸಿ, ಎಲ್ಲ ಮಾತಾಡಿ, ಕೊನಿಗೆ "ಯಾವ ಊರು?" ಅಂತ ಕೇಳಿ, ಉತ್ತರ ಕೇಳಿದ ಮ್ಯಾಲ "ರೂಮ್ ಖಾಲಿ ಇಲ್ಲ" ಅಂದನಂತ. ಈಗಿರೋ ರೂಮಿಗೆ ಆಧಾರ್, ಫೋಟೊ, ಪೊಲೀಸ್ ಠಾಣೆಗೆ ಕೊಡೋ ಬಾಡಿಗೆದಾರರ ಫಾರ್ಮ್, ಎಲ್ಲ ಆಗೈತಿ. ವೀಸಾ ಒಂದು ಇಲ್ಲ ಅಷ್ಟೇ, ಕಾಗದದ ಓಡಾಟ ಅಷ್ಟೇ ಐತಿ.

ಭಾಷೆ. ನಮ್ಮಪ್ಪ ಓದಿದ್ದು ನಾಕನೇತ್ತ. ಸೈಟಿನ್ಯಾಗ ಇಂಜಿನಿಯರ್ ಕೂಡ ಹಿಂದಿ, ಅಂಗಡಿಯಾಗ ಕೊಂಕಣಿ, ಟೈಲ್ಸ್ ಹಾಕೋ ಸೋಲಾಪುರದವರ ಕೂಡ ಮರಾಠಿ, ನನ್ನ ಕೂಡ ನಮ್ಮ ಕನ್ನಡ. ನಾಕು ಭಾಷೆ. ಯಾವ ಕ್ಲಾಸಿಗೂ ಹೋಗಿಲ್ಲ, ಯಾವ ಆ್ಯಪೂ ಇಲ್ಲ. ಮೊದಲ ವಾರದಾಗ ಕಲ್ತ ಮೊದಲ ಕೊಂಕಣಿ ಮಾತು "ಉದಾಕ್". ನೀರು. ಯಾಕಂದ್ರ ಅದೇ ಮೊದಲು ಬೇಕಾಗಿತ್ತು.

ಅಮೆರಿಕದ ಹುಡುಗಿ ಪೋರ್ಚುಗೀಸ್‌ನಾಗ ಒಂದು ಕಾಫಿ ಆರ್ಡರ್ ಮಾಡಿದ್ರ ಸಾವಿರಾರು ಲೈಕ್ ಬೀಳ್ತಾವ. ಅಪ್ಪನ ನಾಕು ಭಾಷೆ ನಾನು ಎಂದೂ ಯಾರ ಮುಂದೂ ಹೇಳಿರಲಿಲ್ಲ. 👇

4/9
📷 ಕ್ಯಾಸಲ್ ರಾಕ್ ಸ್ಟೇಷನ್, ರೈಲಿನ ಕಿಟಕಿಯಿಂದ ಅಪ್ಪ ತೆಗೆದದ್ದು. ಸ್ವಲ್ಪ ಅಲುಗಾಡೈತಿ.

ಈಗ ಶಬ್ದಗಳ ಬಗ್ಗೆ.

"ಎಕ್ಸ್‌ಪ್ಯಾಟ್" ಅನ್ನೋದು ಲ್ಯಾಟಿನ್‌ನಿಂದ ಬಂದದ್ದು. ತನ್ನ ತಾಯ್ನಾಡಿನ ಹೊರಗೆ ಇರೋನು ಅಂತ ಅರ್ಥ, ಅಷ್ಟೇ. ಅದರೊಳಗೆ ಬಾಲ್ಕನಿಯೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ.

"ಗುಳೆ" ನಮ್ಮ ಶಬ್ದ. ಬರ ಬಿದ್ದಾಗ, ದಂಡು ಬಂದಾಗ ಊರಿಗೆ ಊರೇ ಗಂಟು ಕಟ್ಟಿಕೊಂಡು ಹೊರಡೋದಕ್ಕೆ ಹಿಂದಿನವರು ಹೇಳ್ತಿದ್ದ ಮಾತು. ಇವತ್ತಿಗೂ ದೀಪಾವಳಿ ಆಸುಪಾಸು ಕಬ್ಬು ಕಡಿಯೋ ಗ್ಯಾಂಗು ಸಾಂಗಲಿ, ಕೊಲ್ಹಾಪುರ ಕಡೆ ಹೊಂಟಾಗ ಪೇಪರಿನ್ಯಾಗ ಬರೋದು ಇದೇ ಶಬ್ದ.

ಮೂರನೇದು "ಘಾಟಿ". ಇದು ನಾವು ಇಟ್ಕೊಂಡ ಹೆಸರಲ್ಲ. ಘಟ್ಟದ ಮೇಲಿನಿಂದ ಇಳಿದು ಬಂದವರು ಅಂತ ಮೂಲ ಅರ್ಥ. ಗೋವಾದಾಗ ಅದು ಬೈಗುಳ ಆಗೈತಿ. ಅಪ್ಪನಿಗೆ ಎಷ್ಟು ಸಲ ಅಂದಿದಾರೋ ಅವನೇ ಎಣಿಸೋದು ಬಿಟ್ಟಾನ.

ಆದರೆ ಇತಿಹಾಸ ಒಂಚೂರು ನೋಡ್ರಿ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಗೆದ್ದದ್ದು ಯಾರ ಕೈಯಿಂದ? ಬಿಜಾಪುರದ ಆದಿಲಶಾಹಿಗಳ ಕೈಯಿಂದ. ಪಣಜಿಯಲ್ಲಿ ಮಾಂಡವಿ ನದಿ ದಂಡಿಗೆ ಇರೋ ಹಳೇ ಸೆಕ್ರೆಟರಿಯೇಟ್ ಕಟ್ಟಡಕ್ಕೆ ಇವತ್ತಿಗೂ ಆದಿಲಶಾಹ ಅರಮನೆ ಅಂತಾರ. ನಮ್ಮ ಗೋಳಗುಮ್ಮಟದ ಊರಿನವರ ಹೆಸರು ಅಲ್ಲಿ ಅರಮನೆ ಮ್ಯಾಲ ಐತಿ. ನಮ್ಮ ಗೌಂಡಿಗಳಿಗೆ ಮಾತ್ರ ರೂಮ್ ಖಾಲಿ ಇರೋದಿಲ್ಲ.

ಅಲ್ಲಿಂದ 1961ರ ಡಿಸೆಂಬರ್ 19ರ ತನಕ, ನಾಕುನೂರ ಐವತ್ತು ವರ್ಷ, ಗೋವಾ ಪೋರ್ಚುಗಲ್ ಕೈಯಾಗಿತ್ತು. ಬ್ರಿಟಿಷರ ಕಾಲದಾಗ ಕ್ಯಾಸಲ್ ರಾಕ್ ಈ ಕಡೆಯ ಕೊನೇ ಸ್ಟೇಷನ್. ಅದರಾಚೆ ಬ್ಯಾರೆ ದೇಶ, ಅಲ್ಲಿ ಕಸ್ಟಮ್ಸ್ ತಪಾಸಣೆ ಇತ್ತು. ನನ್ನ ಅಜ್ಜ ಸಣ್ಣವನಿದ್ದಾಗ ಗೋವಾಕ್ಕ ಹೋಗೋದು ಅಂದ್ರ ಒಂದು ರೀತಿಯಲ್ಲಿ ಯುರೋಪಿಗೆ ಹೋದಂಗೇ.

ಈಗ ಅದು ನಮ್ಮದೇ ದೇಶ. ಸಂವಿಧಾನದ 19ನೇ ವಿಧಿ ಭಾರತದ ತುಂಬ ಎಲ್ಲಿ ಬೇಕಾದರೂ ಓಡಾಡೋ, ಎಲ್ಲಿ ಬೇಕಾದರೂ ನೆಲೆಸೋ ಹಕ್ಕು ಕೊಟ್ಟೈತಿ. ಆ ಹುಡುಗಿ ಲಿಸ್ಬನ್‌ನಾಗ ಪರದೇಶದವಳು. ಅಪ್ಪ ವಾಸ್ಕೊದಾಗ ಪರದೇಶದವನಲ್ಲ. ಆದರೂ "ನಿಮ್ಮೂರಿಗೆ ಹೋಗ್ರಿ" ಅನ್ನಿಸಿಕೊಳ್ಳೋದು ಅಪ್ಪ. 👇

5/9
📷 ಅಂಜುನಾ ಬುಧವಾರದ ಸಂತೆ. ಮುಖ ತೆಗೆದಿಲ್ಲ. ಕನ್ನಡಿ ಹೊಲಿದ ಬಟ್ಟೆ ಅಷ್ಟೇ.

ಎರಡು ವರ್ಷದ ಹಿಂದೆ ಬ್ಯಾಸಗಿ ಸೂಟಿಯಾಗ ಅಪ್ಪ-ಅವ್ವನ ಹತ್ರ ಹೋಗಿದ್ದೆ. ಒಂದು ಬುಧವಾರ ಅವ್ವ ನನ್ನ ಅಂಜುನಾ ಸಂತಿಗೆ ಕರ್ಕೊಂಡು ಹೋದಳು. ಈ ಸಂತೆ ಶುರುವಾದದ್ದು 1970ರ ದಶಕದಾಗ. ಹಿಪ್ಪಿಗಳು ಕೈಯಾಗಿನ ದುಡ್ಡು ಖಾಲಿ ಆದಾಗ ತಮ್ಮ ಸಾಮಾನು ತಾವೇ ಹರವಿಕೊಂಡು ಮಾರಾಕ ಕುಂತರು. ಅದನ್ನ ಹುಟ್ಟುಹಾಕಿದವರ ಪೈಕಿ ಎಲ್ಲರೂ ಹೇಳೋ ಹೆಸರು "ಎಯ್ಟ್ ಫಿಂಗರ್ ಎಡ್ಡಿ". ಅಮೆರಿಕದವ. ದಶಕಗಟ್ಟಲೆ ಗೋವಾದಾಗ ಇದ್ದು, 2010ರಲ್ಲಿ ಅಲ್ಲೇ ತೀರಿಕೊಂಡ. ಅವನ ಬಗ್ಗೆ ಪೇಪರುಗಳು ಬರೆದವು, ಪುಸ್ತಕದಾಗ ಅವನ ಹೆಸರು ಐತಿ.

ಈಗ ಆ ಸಂತೆಯಾಗ ಕುಂತು ಮಾರೋರ ಪೈಕಿ ನಮ್ಮ ಕಡೆಯ ಲಂಬಾಣಿ ಅಕ್ಕಗಳು ಎಷ್ಟೋ ಮಂದಿ. ಕನ್ನಡಿ ಹೊಲಿದ ಚೀಲ, ಬೆಳ್ಳಿ ಬಣ್ಣದ ಬಳಿ, ಹಾಸಿಗಿ ಹೊದಿಕಿ. ಒಬ್ಬಾಕಿ ವಿದೇಶದವರ ಕೂಡ ಇಂಗ್ಲಿಷ್‌ನಾಗ ಚೌಕಾಸಿ ಮಾಡ್ತಿದ್ದಳು. ನಾ ಪಿಯುಸಿ ಓದಿದರೂ ಅಷ್ಟು ಧೈರ್ಯದ ಇಂಗ್ಲಿಷ್ ನನಗ ಬರೋದಿಲ್ಲ. ಗಿರಾಕಿ ಹೋದ ಮ್ಯಾಲ ನಮ್ಮ ಮಾತು ಕೇಳಿ ತಿರುಗಿ ನೋಡಿ, "ಯಾವೂರವ್ವಾ?" ಅಂದಳು. ಹೇಳಿದೆ. "ನಮ್ದು ಸಿಂದಗಿ ಕಡಿ ತಾಂಡಾ" ಅಂದಳು. ಅಲ್ಲೇ ಕುಂತು ನೀರು ಕುಡಿದ್ವಿ.

ಆಮೇಲೆ ಒಬ್ಬ ಪ್ರವಾಸಿ ಬಂದು ಆಕಿ ಫೋಟೊ ತೆಗೆದ. ಅವನ ಪೋಸ್ಟಿನ್ಯಾಗ ಆಕಿ "ಗೋವಾದ ಹೆಣ್ಣುಮಗಳು" ಆಗಿರ್ತಾಳ. ಆಕಿ ಬಸ್ ಹತ್ತಿ ಬಂದದ್ದು, ಮಕ್ಕಳನ್ನ ತಾಂಡಾದಾಗ ಬಿಟ್ಟು ಬಂದದ್ದು ಅಲ್ಲಿ ಇರೋದಿಲ್ಲ. ದೂರದಿಂದ ಬಂದು ಅದೇ ಮಣ್ಣಿನ ಮ್ಯಾಲ ಸಾಮಾನು ಹರವಿದ ಎಡ್ಡಿ ಕಥೆ ಆದ. ಆಕಿ ಬರೀ ಫೋಟೊ ಆದಳು.

ಸರಪಳಿ ಇನ್ನೂ ಉದ್ದ ಐತಿ. 1961ರ ಡಿಸೆಂಬರ್ 19ಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಕೇಳಬಹುದು. ಹಂಗ ಪಾಸ್‌ಪೋರ್ಟ್ ಮಾಡಿಸಿಕೊಂಡ ಸಾವಿರಾರು ಗೋವನ್ನರು ಬ್ರೆಕ್ಸಿಟ್‌ಗಿಂತ ಮೊದಲು ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಅನ್ನೋ ಊರಲ್ಲಿ ಅವರದೇ ದೊಡ್ಡ ಓಣಿಗಳು ಅದಾವ. ಗೋದಾಮು, ಫ್ಯಾಕ್ಟರಿ ಕೆಲಸ. ಅಲ್ಲಿ ಅವರನ್ನ ಯಾರೂ ಎಕ್ಸ್‌ಪ್ಯಾಟ್ ಅನ್ನೋದಿಲ್ಲ. ಅಂದ್ರ ನೋಡ್ರಿ, ಗೋವಾದವ ಇಂಗ್ಲೆಂಡಿಗೆ ಹೋಗಿ "ವಲಸಿಗ" ಆದ. ನಮ್ಮವ ಗೋವಾಕ್ಕ ಹೋಗಿ "ಘಾಟಿ" ಆದ. ಅಮೆರಿಕದವಳು ಪೋರ್ಚುಗಲ್‌ಗೆ ಹೋಗಿ "ಎಕ್ಸ್‌ಪ್ಯಾಟ್" ಆದಳು. ಮೂವರೂ ಮಾಡಿದ್ದು ಒಂದೇ ಕೆಲಸ. 👇

6/9
📷 ನಮ್ಮ ಹೊಲ. ಎರಿ ಭೂಮಿ, ಬಿರುಕು ಬಿಟ್ಟದ್ದು.

ಇಷ್ಟು ಓದಿದ ಮ್ಯಾಲ ನನ್ನ ಗೆಳತಿ ಒಬ್ಬಾಕಿ ಹೇಳಿದ್ದು: "ಲೇ, ಅದೂ ಇದೂ ಒಂದೇ ಹೆಂಗ ಆಗ್ತೈತಿ? ಆಕಿ ಇಷ್ಟಪಟ್ಟು ಹೋದಾಕಿ. ನಿಮ್ಮಪ್ಪ ಇಲ್ದಕ್ಕ ಹೋದಾವ."

ಖರೇ ಮಾತು. ಇದನ್ನ ತೇಲಿಸಿಬಿಟ್ರ ನಾ ಬರ್ದಿದ್ದೆಲ್ಲ ಸುಳ್ಳಾಗ್ತೈತಿ. ಆಕಿಗೆ ಬ್ಯಾಸರಾದ್ರ ವಿಮಾನ ಹತ್ತಿ ಮನಿಗೆ ಹೋಗಬಹುದು. ಅಪ್ಪ ಬ್ಯಾಸರಾಗಿ ಊರಿಗೆ ಬಂದ್ರ ನನ್ನ ಕಾಲೇಜ್ ಫೀ ನಿಲ್ತೈತಿ. ಒಬ್ಬ ಮೇಸ್ತ್ರಿ ಅಪ್ಪನ ಎರಡು ತಿಂಗಳ ಪಗಾರ ಮುಳುಗಿಸಿ ಫೋನ್ ಬಂದ್ ಮಾಡಿದಾಗ, ದೂರು ಕೊಡಾಕ ಹೋಗಲಿಲ್ಲ. ಹೋದ್ರ ಆ ದಿನದ ಕೂಲಿನೂ ಹೋಗ್ತಿತ್ತು. ಆ ಎರಡು ಬದುಕು ಒಂದೇ ಅಲ್ಲ.

ಆದರೆ ಗೆಳತಿ ಮಾತಿನ್ಯಾಗ ಒಂದು ಗಂಟು ಐತಿ. ಇಲ್ದಕ್ಕ ಹೋದದ್ದು ನಾಚಿಕೆ ವಿಷಯ ಅನ್ನೋದಾದ್ರ, ಆ ನಾಚಿಕೆ ಯಾರದು? ಕೃಷ್ಣಾ, ಭೀಮಾ, ಡೋಣಿ ಮೂರೂ ನಮ್ಮ ಜಿಲ್ಲೆಯಾಗೇ ಹರೀತಾವ. ಆಲಮಟ್ಟಿ ಡ್ಯಾಮಿಗೆ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಬ್ದುಲ್ ಕಲಾಂ ಅದನ್ನ ದೇಶಕ್ಕೆ ಅರ್ಪಿಸಿದ್ದು 2006ರಲ್ಲಿ. ನಡುವೆ 42 ವರ್ಷ. ಬಾಗೇವಾಡಿ ಕಡೆಯ ಎಷ್ಟೋ ಊರು ಹಿನ್ನೀರಿಗೆ ಕೊಟ್ಟು ಪುನರ್ವಸತಿ ಕೇಂದ್ರ ಆದವು. ಊರು ಕೊಟ್ಟವರ ಹೊಲಕ್ಕೇ ನೀರು ಬರದಿದ್ದಾಗ ಒಬ್ಬ ಗಂಡಸು ಬಸ್ ಹತ್ತಿದ್ರ, ತಲಿ ತಗ್ಗಿಸಬೇಕಾದವ ಅವನಲ್ಲ.

ಇನ್ನೊಂದು ಮಾತು. ಅಪ್ಪ ಬರೀ ಬಡತನಕ್ಕ ಹೋದಾವಲ್ಲ. ಹೋಗಿ ಗೌಂಡಿ ಕೆಲಸ ಕಲ್ತ. ಈಗ ಪ್ಲಾನ್ ನೋಡಿ ಅಳತಿ ಹಾಕ್ತಾನ. ಊರಾಗ ಇದ್ರ ಅದು ಸಿಗ್ತಿತ್ತೋ ಇಲ್ಲೋ. ಊರು ಬಿಟ್ಟು ಹೋಗೋದು ಬೆಳೆಯೋ ದಾರಿನೂ ಹೌದು ಅನ್ನೋದನ್ನ ಬಾಗೇವಾಡಿ ಮಂದಿಗೆ ನಾ ಹೇಳಬೇಕಾಗಿಲ್ಲ. 12ನೇ ಶತಮಾನದಾಗ ಅಲ್ಲಿಂದ ಒಬ್ಬ ಹುಡುಗ ಮನಿ ಬಿಟ್ಟು ಕೂಡಲಸಂಗಮಕ್ಕ ಹೋದ, ಅಲ್ಲಿಂದ ಮುಂದ ಕಲ್ಯಾಣಕ್ಕ ಹೋಗಿ ಬಿಜ್ಜಳನ ಭಂಡಾರ ನೋಡ್ಕೊಂಡ. ಬಸವಣ್ಣ ಬಾಗೇವಾಡಿಯಾಗೇ ಉಳಿದಿದ್ರ ಕಲ್ಯಾಣ ಕಲ್ಯಾಣ ಆಗ್ತಿರಲಿಲ್ಲ. ಅಲ್ಲಿಗೆ ಕಾಶ್ಮೀರದಿಂದಲೂ ಮಂದಿ ಬಂದ್ರು ಅಂತ ಹೇಳ್ತಾರ. ಬಂದವರು ಮಾಡಿದ ಕೆಲಸಕ್ಕ ಕಾಯಕ ಅಂದ್ರು. ಕಟ್ಟಿಗಿ ಮಾರೋದೂ ಕಾಯಕ, ಚಪ್ಪಲಿ ಹೊಲಿಯೋದೂ ಕಾಯಕ. ಗೌಂಡಿ ಕೆಲಸ ಮಾತ್ರ "ಬಿಸಿನೆಸ್" ಅಂತ ಸುಳ್ಳು ಹೇಳಬೇಕಾ? 👇

7/9
📷 ಅಪ್ಪನ ಬೆರಳು. ಶಾಯಿ ಗುರುತು. 2024.

ಇದು ನನಗ ಬಹಳ ಸಿಟ್ಟು ತರಿಸಿದ ವಿಷಯ.

ಅಮೆರಿಕದ ಹುಡುಗಿ ಲಿಸ್ಬನ್‌ನಾಗ ಕುಂತು ತನ್ನ ದೇಶದ ಚುನಾವಣೆಗೆ ಅಂಚೆ ಮತ ಹಾಕ್ತಾಳ. ಹೊರದೇಶದಲ್ಲಿರೋ ಅಮೆರಿಕನ್ನರಿಗೆ ಆ ಹಕ್ಕು ಕೊಡೋ ಕಾನೂನು 1986ರಿಂದ ಐತಿ. ಕೊನೆಯದಾಗಿ ಯಾವ ರಾಜ್ಯದಲ್ಲಿ ವಾಸ ಇದ್ದಳೋ ಅಲ್ಲಿನ ಮತದಾರಳಾಗಿ ಉಳೀತಾಳ.

2024ರ ಮೇ 7ಕ್ಕೆ ಲೋಕಸಭೆ ಮತದಾನ. ನಮ್ಮ ವಿಜಯಪುರದಾಗೂ ಅವತ್ತೇ, ಗೋವಾದಾಗೂ ಅವತ್ತೇ. ಅಪ್ಪನ ರೂಮಿನ ಓಣಿಯಾಗೇ ಒಂದು ಮತಗಟ್ಟೆ ಇತ್ತು. ಆದರೆ ಅವನ ಹೆಸರು ಮುದ್ದೇಬಿಹಾಳ ಕಡೆ. ಅಪ್ಪ-ಅವ್ವ ರಾತ್ರಿ ಇಡೀ ಬಸ್ಸಿನ್ಯಾಗ ಕುಂತು, ಬೆಳಿಗ್ಗೆ ಬಂದು ಮತ ಹಾಕಿ, ಆಯಿ ಮಾಡಿದ ಅಡಗಿ ಉಂಡು, ಮರುದಿನ ಮತ್ತ ಹೋದರು. ಇಬ್ಬರದೂ ಮೂರು ದಿನದ ಕೂಲಿ, ಎರಡೂ ಕಡೆ ಬಸ್ ಚಾರ್ಜು. ಅಷ್ಟು ಖರ್ಚು ಮಾಡಿ ಮತ ಹಾಕೋ ಮಂದಿನ್ನ "ಜವಾಬ್ದಾರಿ ಇಲ್ದವರು" ಅನ್ನೋ ಧೈರ್ಯ ಯಾರಿಗೈತಿ? ಬರಲಾರದವರ ಮತ ಹಂಗೇ ಹೋಗ್ತೈತಿ.

ಊರ ಚುನಾವಣೆ ಬಂದಾಗ ನೋಡ್ರಿ, ನಿಂತವರೇ ಗಾಡಿ ಮಾಡಿ ಗೋವಾ, ಪುಣೆಯಿಂದ ಮಂದಿನ್ನ ಕರೆಸ್ತಾರ. ಅವತ್ತ ಒಂದಿನ ನಾವು "ನಮ್ಮವರು". ಗಾಡಿ ವಾಪಸ್ ಬಿಟ್ಟ ಮ್ಯಾಲ ಮತ್ತ ಐದು ವರ್ಷ ಯಾರೂ ಕೇಳೋದಿಲ್ಲ.

ಇದಕ್ಕ ದಾರಿನೇ ಇಲ್ಲ ಅಂತಲ್ಲ. 2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗವೇ, ದುಡಿಯಾಕ ಬ್ಯಾರೆ ರಾಜ್ಯಕ್ಕ ಹೋದವರು ಅಲ್ಲಿಂದಲೇ ಮತ ಹಾಕೋ ಒಂದು ಯಂತ್ರ ಮಾಡೀವಿ ಅಂತ ಹೇಳಿತು. ಒಂದೇ ಯಂತ್ರದಾಗ 72 ಕ್ಷೇತ್ರ. 2023ರ ಜನವರಿಯಲ್ಲಿ ಪಕ್ಷಗಳನ್ನ ಕರೆಸಿತು. ಬಹಳ ಪಕ್ಷಗಳು ಅನುಮಾನ ಎತ್ತಿದವು. ಪ್ರಶ್ನೆ ಕೇಳೋದು ತಪ್ಪಲ್ಲ. ಆದರೆ "ಇದು ಬ್ಯಾಡ" ಅಂದವರು "ಹಂಗಾದ್ರ ಇದನ್ನ ಮಾಡ್ರಿ" ಅಂತ ಇನ್ನೊಂದು ದಾರಿಗೆ ಜಗ್ಗಾಡಿದ್ದು ನಾ ಕಾಣಲಿಲ್ಲ.

ಅಮೆರಿಕ ತನ್ನ ಮಂದಿ ಎಲ್ಲಿದ್ರೂ ಟ್ಯಾಕ್ಸ್ ಕೇಳ್ತೈತಿ, ಮತನೂ ಕೇಳ್ತೈತಿ. ನಮ್ಮವರು ಒಂದು ಘಾಟ್ ಇಳಿದ್ರ ಲೆಕ್ಕದಿಂದಲೇ ಇಳೀತಾರ. 👇

8/9
📷 ಅವ್ವನ ಪ್ಲಾಸ್ಟಿಕ್ ಚೀಲ. ಒಳಗ ಎಲ್ಲ ಕಾಗದ.

ಎಕ್ಸ್‌ಪ್ಯಾಟ್ ಪೇಜುಗಳಿಂದ ಒಂದು ಒಳ್ಳೆ ಅಭ್ಯಾಸ ಕಲೀಬೇಕು. ಅವರು ಯಾವ ಕಾಗದ ಎಲ್ಲಿ ಸಿಗ್ತೈತಿ ಅಂತ ಒಬ್ಬರಿಗೊಬ್ಬರು ಹೇಳ್ಕೋತಾರ. ನಾವೂ ಹೇಳೋಣ. ಈ ಪೋಸ್ಟ್ ಸೇವ್ ಮಾಡಿ ಮನಿಯವರಿಗೆ ಓದಿ ಹೇಳ್ರಿ.

ರೇಷನ್: "ಒಂದು ದೇಶ, ಒಂದು ರೇಷನ್ ಕಾರ್ಡ್" ಯೋಜನೆ ಎಲ್ಲ ರಾಜ್ಯಕ್ಕೂ ಬಂದೈತಿ. ಆಹಾರ ಭದ್ರತಾ ಕಾಯ್ದೆ ಅಡಿ ಕಾರ್ಡ್ ಇದ್ರ, ಆಧಾರ್ ಜೋಡಣೆ ಆಗಿದ್ರ, ಗೋವಾ ಅಥವಾ ಮಹಾರಾಷ್ಟ್ರದ ರೇಷನ್ ಅಂಗಡಿಯಾಗೂ ಬೆರಳಚ್ಚು ಕೊಟ್ಟು ಕೇಂದ್ರದ ಧಾನ್ಯ ತಗೋಬಹುದು. ಅರ್ಧ ಮಂದಿ ಊರಾಗಿದ್ರ, ಅವರ ಪಾಲು ಊರಾಗ, ಇವರ ಪಾಲು ಅಲ್ಲಿ. ನಮ್ಮ ಮನಿಯಾಗ ಇದು ಗೊತ್ತಾಗಾಕ ಎರಡು ವರ್ಷ ಹಿಡೀತು.

ಕಟ್ಟಡ ಕಾರ್ಮಿಕರ ಕಾರ್ಡ್: 1996ರ ಕಾಯ್ದೆ ಪ್ರಕಾರ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಆದವು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಾಗ 90 ದಿನ ಕಟ್ಟಡ ಕೆಲಸ ಮಾಡಿದ್ದು ಅನ್ನೋ ನಿಯಮ. ಲಿಸ್ಬನ್ ಹುಡುಗಿಗೆ 90 ದಿನ ಮುಗಿದ್ರ ದೇಶ ಬಿಡಬೇಕು ಅನ್ನೋ ಚಿಂತಿ. ನಮ್ಮವರಿಗೆ 90 ದಿನ ಕೆಲಸ ಮಾಡಿದ್ದಕ್ಕ ಸಹಿ ಯಾರು ಹಾಕ್ತಾರ ಅನ್ನೋ ಚಿಂತಿ. ಅದಕ್ಕ ಕೆಲಸದ ದಿನ, ಸೈಟಿನ ಹೆಸರು, ಮೇಸ್ತ್ರಿ ನಂಬರ್ ಒಂದು ನೋಟ್‌ಬುಕ್ಕಿನ್ಯಾಗ ಬರ್ದಿಡ್ರಿ. ಅಪ್ಪ-ಅವ್ವಗ ಬರ್ಯಾಕ ಬರದಿದ್ರ ಫೋನ್ ಮಾಡಿ ಕೇಳಿ ನೀವೇ ಬರೀರಿ. ನಾ ಈಗ ಪ್ರತಿ ಆಯಿತಾರ ಬರಿತೀನಿ. ಮುಳುಗಿದ ಪಗಾರದ ದಿನಗಳು ಬರೆದದ್ದು ಇದ್ದಿದ್ರ ಕೇಳಾಕ ಒಂದು ಆಧಾರ ಇರ್ತಿತ್ತು.

ಸಾಲಿ: ತಮ್ಮ, ತಂಗಿ ಜೋಡಿ ಹೊಂಟಿದ್ರ ಇದು ಬೇಕೇ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವಯಸ್ಸಿನ ಮಕ್ಕಳು ಬ್ಯಾರೆ ರಾಜ್ಯಕ್ಕ ಹೋದ್ರೂ ಸರ್ಕಾರಿ ಸಾಲಿ ಸೇರಬಹುದು. ಟಿಸಿ ಬರೋದು ತಡ ಆಯ್ತು ಅಂತ ಸೇರಿಸ್ಕೊಳ್ಳದೆ ಇರೋ ಹಂಗಿಲ್ಲ. ಇದು ಗೊತ್ತಿಲ್ದಕ್ಕೇ ನಮ್ಮ ಓಣಿಯ ಇಬ್ಬರು ಹುಡುಗರು ಎಂಟನೇತ್ತಕ್ಕ ಪುಸ್ತಕ ಬಿಟ್ಟು ಅಲ್ಲೇ ಸೈಟಿನ್ಯಾಗ ನೀರು ಹೊಡಿಯಾಕ ನಿಂತರು. ಅವರು ನನ್ನ ಕ್ಲಾಸಿನವರು. ಈ ಪೋಸ್ಟ್ ಅವರಿಗೆ ಆರು ವರ್ಷ ತಡ. 👇

9/9
📷 ಅಪ್ಪ. ಕೇಳಿಯೇ ಹಾಕೀನಿ. "ನಂದ್ಯಾಕವ್ವಾ ಫೋಟೊ?" ಅಂದ, ಆಮೇಲೆ ಅಂಗಿ ಬದಲಿಸಿ ನಿಂತ.

ಕೊನೇ ಮಾತು.

ನಮ್ಮ ಅಪ್ಪಗಳನ್ನ ನಾಳಿಂದ ಎಕ್ಸ್‌ಪ್ಯಾಟ್ ಅಂತ ಕರೀರಿ ಅಂತ ನಾ ಹೇಳಾಕತ್ತಿಲ್ಲ. ಹಂಗ ಕರೆದ್ರ ನಗು ಬರ್ತೈತಿ. ಹೆಸರು ಬದಲಾದ ಮಾತ್ರಕ್ಕ ಪಗಾರ ಬರೋದಿಲ್ಲ, ರೂಮ್ ಸಿಗೋದಿಲ್ಲ. ಆ ಹುಡುಗಿ ರೀಲ್ ನೋಡಬ್ಯಾಡ್ರಿ ಅಂತನೂ ಅಲ್ಲ. ನಾ ಈಗಲೂ ನೋಡ್ತೀನಿ. ಯುರೋಪಿನ ಮಂದಿಗೂ ಇವರ ಮ್ಯಾಲ ಸಿಟ್ಟು ಐತಿ. 2024ರ ಜುಲೈನಲ್ಲಿ ಬಾರ್ಸಿಲೋನಾದಾಗ ಬಾಡಿಗಿ ಏರಿ ಬ್ಯಾಸತ್ತ ಊರಿನವರು ಮೆರವಣಿಗಿ ಮಾಡಿ, ಪ್ರವಾಸಿಗರ ಮ್ಯಾಲ ಆಟಿಗಿ ಪಿಸ್ತೂಲಿನಿಂದ ನೀರು ಹೊಡೆದ್ರು. ದುಡ್ಡಿದ್ದವರು ಬಂದ್ರ ನೀರಿನ ಪಿಸ್ತೂಲು. 2004ರ ಜೂನ್‌ನಾಗ, ಮಳಿಗಾಲದಾಗ, ವಾಸ್ಕೊದ ಬೈನಾ ಬೀಚಿನ್ಯಾಗ ಮನಿ ಕೆಡವಾಕ ಬಂದದ್ದು ಬುಲ್ಡೋಜರ್. ಅಲ್ಲಿದ್ದವರಾಗ ಬಹಳ ಮಂದಿ ಉತ್ತರ ಕರ್ನಾಟಕದವರು. ಬಂದವರ ಮ್ಯಾಲ ಸಿಟ್ಟು ಎಲ್ಲ ಕಡೆ ಐತಿ. ಆ ಸಿಟ್ಟು ಎಷ್ಟು ಗಟ್ಟಿ ಬೀಳ್ತೈತಿ ಅನ್ನೋದು ಬಂದವರ ಕಿಸೆ ಮ್ಯಾಲ ಐತಿ.

ನಾ ಕೇಳೋದು ಇಷ್ಟೇ. ಅವರ ದಿನಚರಿ ಕೇಳುವಷ್ಟು ಕುತೂಹಲದಿಂದ ನಮ್ಮವರ ದಿನಚರಿನೂ ಕೇಳ್ರಿ. "ಅಯ್ಯೋ ಪಾಪ" ಅಂತ ಅಲ್ಲ. ಬಸ್ ಹೆಂಗಿತ್ತು, ಮೊದಲ ದಿನ ಏನು ಉಂಡಿ, ಮೊದಲು ಯಾವ ಮಾತು ಕಲ್ತಿ, ಯಾರು ರೂಮ್ ಕೊಟ್ರು, ಯಾರು ಕೊಡಲಿಲ್ಲ. ನಾ ಕೇಳಿದ ದಿನ ಅಪ್ಪ ಒಂದೂವರೆ ತಾಸು ಮಾತಾಡಿದ. ಹತ್ತು ವರ್ಷದಾಗ ಅಷ್ಟು ಉದ್ದ ಮಾತು ನಮ್ಮಿಬ್ಬರ ನಡುವೆ ಆಗಿರಲಿಲ್ಲ. "ಉದಾಕ್" ಕಥಿ ಅವತ್ತೇ ಗೊತ್ತಾದದ್ದು.

ನಮ್ಮ ಇಂಡಿ ಲಿಂಬಿಹಣ್ಣಿಗೆ ಜಿಐ ಟ್ಯಾಗ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ. 2025ರಲ್ಲಿ ಅದು ಯುಎಇಗೆ, ಬ್ರಿಟನ್‌ಗೆ ಹೋದಾಗ ಮತ್ತ ಹಾಕಿದ್ವಿ. ಹಾಕಬೇಕು, ನಮ್ಮ ಊರ ಹೆಸರು. ಊರಿಂದ ಹೊರಗ ಹೋದ ಹಣ್ಣಿಗೆ ಅಷ್ಟು ಹೆಮ್ಮೆಪಟ್ವಿ. ಊರಿಂದ ಹೊರಗ ಹೋದ ಮನಶ್ಯಾಗ?

ಹೋದ ಸೋಮವಾರ ಹೊಸ ಸೆಮಿಸ್ಟರ್ ಶುರುವಾತು. ಮತ್ತ ಅದೇ ಪರಿಚಯ, ಮತ್ತ ಅದೇ ಪ್ರಶ್ನೆ. ಎದ್ದು ನಿಂತೆ. ಎದಿ ಹೊಡ್ಕೋತಿತ್ತು. "ಗೋವಾದಾಗ ಗೌಂಡಿ ಅದಾರ್ರಿ. ಅವ್ವನೂ ಅಲ್ಲೇ ಕೆಲಸ ಮಾಡ್ತಾಳ್ರಿ" ಅಂದೆ. ಕ್ಲಾಸಿನ್ಯಾಗ ಏನೂ ಆಗಲಿಲ್ಲ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, ಅವನ ಪಾಳಿ ಬರೋಕಿಂತ ಮೊದಲೇ, "ನಮ್ಮಪ್ಪನೂ ರೀ, ಪುಣೆದಾಗ" ಅಂದ.

ಈಗ ನಿಮ್ಮ ಪಾಳಿ. ಕಾಮೆಂಟಿನ್ಯಾಗ ಬರೀರಿ: ನಿಮ್ಮ ಮನಿಯವರು ಯಾವ ಊರಿಗೆ ಹೋಗ್ಯಾರ, ಏನು ಕೆಲಸ, ಅಲ್ಲಿ ಮೊದಲು ಕಲ್ತ ಮಾತು ಯಾವುದು. ಅವರ ಹೆಸರು, ನಂಬರ್ ಬ್ಯಾಡ. ಊರು, ಕೆಲಸ, ಆ ಒಂದು ಮಾತು ಸಾಕು. ನಾ ಎಲ್ಲ ಓದ್ತೀನಿ.

#ಗುಳೆ #ಗೌಂಡಿ #ಶೇಂಗಾಹಿಂಡಿ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ